ಬೆಳಗಿನ ನಿಧಾನಕ್ಕೆ ನಸುಕಿನ ಕಾರಣ: ಒಂದೇ ಮೇನ್‌ಫ್ರೇಮ್‌ನಲ್ಲಿ 42 ಲಿನಕ್ಸ್‌ ನಡೆಸಿದ ಪ್ರಕರಣ

ಹಿನ್ನೆಲೆ

ದಿನವಿಡೀ ಆನ್‌ಲೈನ್ ವಹಿವಾಟು ನಡೆಸುವ ಒಂದು ಸಂಸ್ಥೆಯ ಪ್ರಕರಣ ಇದು. ಹೆಸರು, ಯಂತ್ರದ ಮಾದರಿ, ವ್ಯವಹಾರದ ಸ್ವರೂಪ ಎಲ್ಲವನ್ನೂ ಬಿಟ್ಟಿದೆ. ಸಂಖ್ಯೆಗಳನ್ನು ದುಂಡಾಗಿಸಿದ್ದರೂ ಅವುಗಳ ನಡುವಿನ ಅನುಪಾತವನ್ನು ಉಳಿಸಿಕೊಂಡಿದೆ.

ಇಲ್ಲಿದ್ದದ್ದು ಒಂದೇ ಮೇನ್‌ಫ್ರೇಮ್. ಅದರ ಸಾಮಾನ್ಯ ಪ್ರೊಸೆಸರ್‌ಗಳ ಮೇಲೆ ಜೆಡ್/ಓಎಸ್ ಎಂಬ ಆಪರೇಟಿಂಗ್ ಸಿಸ್ಟಂ ನಡೆಸುವ ಎರಡು ಎಲ್‌ಪಾರ್‌ಗಳು, ಅಂದರೆ ಒಂದೇ ಯಂತ್ರದೊಳಗೆ ಬೇರೆ ಬೇರೆ ಯಂತ್ರಗಳಂತೆ ನಡೆಯುವ ವಿಭಾಗಗಳು. ಅವುಗಳ ಪಾತ್ರ ಈ ಪ್ರಕರಣದಲ್ಲಿ ಇಲ್ಲ. ಲಿನಕ್ಸ್‌ಗೆಂದೇ ಮೀಸಲಾದ 8 ಐಎಫ್‌ಎಲ್ ಪ್ರೊಸೆಸರ್‌ಗಳನ್ನು ಜೆಡ್/ವಿಎಂ (ಹಲವು ಓಎಸ್‌ಗಳನ್ನು ತನ್ನ ಮೇಲೆ ನಡೆಸುವ ಹೈಪರ್‌ವೈಸರ್) ಓಡುವ ಮೂರು ಎಲ್‌ಪಾರ್‌ಗಳು ಹಂಚಿಕೊಂಡಿದ್ದವು: ಪ್ರೊಡಕ್ಷನ್‌ಗೆ ವೆಯ್ಟ್ (ಪ್ರೊಸೆಸರ್ ಪಾಲಿನ ತೂಕ) 700, ಟೆಸ್ಟ್‌ಗೆ 200, ತುರ್ತಿಗೆಂದು ಇಟ್ಟಿದ್ದ ಸ್ಟ್ಯಾಂಡ್‌ಬೈಗೆ 100. ಪ್ರೊಡಕ್ಷನ್ ಎಲ್‌ಪಾರ್‌ಗೆ 256 ಜಿಬಿ ಮೆಮೊರಿ. ಅದರೊಳಗೆ 42 ಲಿನಕ್ಸ್ ಗೆಸ್ಟ್‌ಗಳು, ಅಂದರೆ ಜೆಡ್/ವಿಎಂ ಮೇಲೆ ಓಡುವ ವರ್ಚುವಲ್ ಯಂತ್ರಗಳು: 64 ಜಿಬಿಯ ಒಂದು ಡೇಟಾಬೇಸ್, ತಲಾ 16 ಜಿಬಿಯ 14 ಜಾವಾ ಅಪ್ಲಿಕೇಶನ್ ಸರ್ವರ್‌ಗಳು, ಉಳಿದ 27ರಲ್ಲಿ ರಿಪೋರ್ಟಿಂಗ್, ಫೈಲ್ ವರ್ಗಾವಣೆ, ಡಿಎನ್‌ಎಸ್, ಮಾನಿಟರಿಂಗ್ ಇತ್ಯಾದಿ. ಎಲ್ಲ ಗೆಸ್ಟ್‌ಗಳಿಗೂ ಬರೆದುಕೊಟ್ಟ ಮೆಮೊರಿ ಕೂಡಿಸಿದರೆ 540 ಜಿಬಿ. ಇರುವುದಕ್ಕಿಂತ 2.1 ಪಟ್ಟು.

ಇಲ್ಲಿ ಹಂಚಿಕೆ ಎರಡು ಅಂತಸ್ತುಗಳಲ್ಲಿ ನಡೆಯುತ್ತದೆ. ಕೆಳಗಿನದು ಪಿಆರ್/ಎಸ್‌ಎಂ, ಅಂದರೆ 1988ರಲ್ಲಿ 3090 ಯಂತ್ರಗಳೊಂದಿಗೆ ಬಂದ, ಯಂತ್ರದ ಫರ್ಮ್‌ವೇರ್‌ನಲ್ಲೇ ಇರುವ ವಿಭಾಜಕ. ಮೇಲಿನದು ಜೆಡ್/ವಿಎಂ, 1972ರ ವಿಎಂ/370ರ ವಂಶದ್ದು. ಎರಡೂ ಪ್ರೊಸೆಸರನ್ನು ಕಾಲದ ಚೂರುಗಳಾಗಿ ಹಂಚುತ್ತವೆ. ಮೆಮೊರಿಯ ವಿಚಾರದಲ್ಲಿ ಮಾತ್ರ ದಾರಿ ಬೇರೆ. ಪಿಆರ್/ಎಸ್‌ಎಂ ಮೆಮೊರಿಯನ್ನು ಗೋಡೆ ಕಟ್ಟಿ ಕೊಡುತ್ತದೆ: ಒಂದು ಎಲ್‌ಪಾರ್‌ಗೆ ಹೋದ ಜಿಬಿ ಇನ್ನೊಂದಕ್ಕೆ ಸಿಗದು, ಇಲ್ಲದ್ದನ್ನು ಯಾರಿಗೂ ಕೊಡುವುದೂ ಇಲ್ಲ. ಜೆಡ್/ವಿಎಂ ಇರುವುದಕ್ಕಿಂತ ಹೆಚ್ಚು ಬರೆದುಕೊಟ್ಟು, ಸಾಲದೇ ಹೋದಾಗ ಹಳೆಯ ಪುಟಗಳನ್ನು (ಮೆಮೊರಿಯ 4 ಕೆಬಿ ತುಂಡುಗಳನ್ನು) ಡಿಸ್ಕ್‌ಗೆ ತಳ್ಳುತ್ತದೆ; ಇದೇ ಪೇಜಿಂಗ್. ಒಂದೇ ಯಂತ್ರದಲ್ಲಿ ಇಷ್ಟು ಓಎಸ್‌ಗಳನ್ನು ನಡೆಸಲು ಆಗುವುದೇ ಈ ಸೌಕರ್ಯದಿಂದ. ಈ ಪ್ರಕರಣ ಕೆಟ್ಟದ್ದೂ ಅಲ್ಲೇ.

ಸಮಸ್ಯೆ

ಕೆಲಸದ ದಿನಗಳಲ್ಲಿ ಬೆಳಗ್ಗೆ 9:30ಕ್ಕೆ ಬಳಕೆದಾರರು ಬರತೊಡಗಿದ ಕೂಡಲೇ ಅಪ್ಲಿಕೇಶನ್ ತೆವಳುತ್ತಿತ್ತು. ಒಂದು ಸೆಕೆಂಡಿನೊಳಗೆ ಮುಗಿಯಬೇಕಾದ ವಹಿವಾಟಿಗೆ ನಾಲ್ಕರಿಂದ ಆರು ಸೆಕೆಂಡು. ಹತ್ತೂಕಾಲರ ಹೊತ್ತಿಗೆ ತಾನಾಗಿಯೇ ಸರಿಹೋಗುತ್ತಿತ್ತು. ಮಧ್ಯಾಹ್ನ ವಹಿವಾಟು ಬೆಳಗಿಗಿಂತ ಹೆಚ್ಚಿದ್ದರೂ ಯಾರೂ ದೂರುತ್ತಿರಲಿಲ್ಲ. ಹೊರೆಯೇ ಕಾರಣವಾಗಿದ್ದರೆ ಮಧ್ಯಾಹ್ನ ಇನ್ನೂ ಕೆಡಬೇಕಿತ್ತು. ಈ ಸುಳಿವು ಮೊದಲ ದಿನದಿಂದಲೇ ಎಲ್ಲರ ಕಣ್ಣೆದುರಿಗಿತ್ತು, ಯಾರೂ ಅದರ ಬೆನ್ನು ಹತ್ತಲಿಲ್ಲ. ಹತ್ತದಿರಲು ಕಾರಣ ಟಾಪ್ (ಪ್ರೊಸೆಸರ್ ಬಳಕೆ ತೋರಿಸುವ ಲಿನಕ್ಸ್ ಉಪಕರಣ) ಪರದೆಯ ಒಂದು ಅಂಕಣ.

ಆ ಮುಕ್ಕಾಲು ಗಂಟೆಯಲ್ಲಿ ಅಪ್ಲಿಕೇಶನ್ ಗೆಸ್ಟ್‌ಗಳ ಟಾಪ್‌ನಲ್ಲಿ ಸ್ಟೀಲ್ ಎಂಬ ಆ ಅಂಕಣ ಶೇ. 25ರಿಂದ 35. ಇತರ ವೇದಿಕೆಗಳಲ್ಲಿ ಪಳಗಿದವರಿಗೆ ಇದರ ಅರ್ಥ ಒಂದೇ: ವರ್ಚುವಲ್ ಸಿಪಿಯು ಓಡಲು ಸಿದ್ಧವಿದೆ, ಹೈಪರ್‌ವೈಸರ್ ಅದಕ್ಕೆ ಪ್ರೊಸೆಸರ್ ಕೊಡುತ್ತಿಲ್ಲ. ಅಂದಮೇಲೆ ಪ್ರೊಸೆಸರ್ ಸಾಲದು ಎಂಬ ತೀರ್ಮಾನಕ್ಕೆ ಬರಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮೊದಲು ಮಾಡಿದ ಎರಡು ಬದಲಾವಣೆ

ಪ್ರೊಡಕ್ಷನ್ ಎಲ್‌ಪಾರ್‌ನ ವೆಯ್ಟನ್ನು ಎಚ್‌ಎಂಸಿಯಿಂದ (ಯಂತ್ರದ ನಿಯಂತ್ರಣ ಕನ್ಸೋಲ್) 700ರಿಂದ 850ಕ್ಕೆ ಏರಿಸಿದರು. ಬೆಳಗಿನ ನಿಧಾನ ಕದಲಲಿಲ್ಲ. ಲೆಕ್ಕ ಹಾಕಿ ನೋಡಿದರೆ ಕದಲಬೇಕಾದ್ದೂ ಇರಲಿಲ್ಲ. 700 ಇದ್ದಾಗ ಒಟ್ಟು ವೆಯ್ಟ್ 1000, ಪ್ರೊಡಕ್ಷನ್‌ನ ಹಕ್ಕು 8ರಲ್ಲಿ 5.6 ಐಎಫ್‌ಎಲ್. 850 ಮಾಡಿದಾಗ ಒಟ್ಟು ಮೊತ್ತವೂ 1150 ಆಗುತ್ತದೆ, ಹಕ್ಕು 5.9. 150 ಅಂಕ ಏರಿಸಿ ಗಳಿಸಿದ್ದು ಮೂರನೇ ಒಂದು ಐಎಫ್‌ಎಲ್‌ಗಿಂತ ಕಡಿಮೆ. ಅದೂ ಇರಲಿ, ವೆಯ್ಟ್ ಲೆಕ್ಕಕ್ಕೆ ಬರುವುದು ಪೈಪೋಟಿ ಇದ್ದಾಗ. ಟೆಸ್ಟ್ ಎಲ್‌ಪಾರ್ ಬೆಳಗಿನ ಹೊತ್ತು ಬಹುತೇಕ ಖಾಲಿ, ಸ್ಟ್ಯಾಂಡ್‌ಬೈ ಮಲಗಿಯೇ ಇತ್ತು. ಕ್ಯಾಪಿಂಗ್ (ಬಳಕೆಗೆ ಗಟ್ಟಿ ಮಿತಿ) ಹಾಕಿಲ್ಲದ ಎಲ್‌ಪಾರ್, ಬೇರೆಯವರು ಬಿಟ್ಟ ಪ್ರೊಸೆಸರನ್ನು ತನ್ನ ಲಾಜಿಕಲ್ ಪ್ರೊಸೆಸರ್‌ಗಳ ಸಂಖ್ಯೆಯ ಮಿತಿಯವರೆಗೂ ಬಳಸಬಹುದು. ಈ ಪ್ರೊಡಕ್ಷನ್‌ಗೆ ಲಾಜಿಕಲ್ ಪ್ರೊಸೆಸರ್ 8 ಇದ್ದವು. ಎಂಟೂ ಭೌತಿಕ ಐಎಫ್‌ಎಲ್‌ಗಳ ಒಟ್ಟು ಬಳಕೆ ಆ ಹೊತ್ತಿನಲ್ಲಿ ಶೇ. 60ರ ಆಸುಪಾಸು.

ಎರಡನೆಯದರಿಂದ ಇದ್ದದ್ದೂ ಕೆಟ್ಟಿತು. 14 ಅಪ್ಲಿಕೇಶನ್ ಗೆಸ್ಟ್‌ಗಳ ವರ್ಚುವಲ್ ಸಿಪಿಯುಗಳನ್ನು ಎರಡರಿಂದ ನಾಲ್ಕಕ್ಕೆ ಏರಿಸಿದರು. ಜೆಡ್/ವಿಎಂನಲ್ಲಿ ಗೆಸ್ಟ್‌ನ ಶೇರ್ ಬೇರೆ ಏನೂ ಬರೆಯದಿದ್ದರೆ ರಿಲೇಟಿವ್ 100. ಅದು ಇಡೀ ಗೆಸ್ಟ್‌ನ ಪಾಲು, ಪ್ರತಿ ಸಿಪಿಯುವಿನದಲ್ಲ. ಎರಡು ಸಿಪಿಯು ಇದ್ದರೆ ತಲಾ 50, ನಾಲ್ಕಾದರೆ ತಲಾ 25. ಅತ್ತ ಒಂದೇ ಸಿಪಿಯು ಇರುವ ಮಾನಿಟರಿಂಗ್ ಗೆಸ್ಟ್‌ನ ಸಿಪಿಯುವಿಗೆ ಪೂರ್ತಿ 100. ಹಣ ತರುವ ಅಪ್ಲಿಕೇಶನ್‌ನ ಸಿಪಿಯುಗಿಂತ ಅದನ್ನು ಅಳೆಯುವ ಗೆಸ್ಟ್‌ನ ಸಿಪಿಯುವಿಗೆ ನಾಲ್ಕು ಪಟ್ಟು ಪ್ರಾಶಸ್ತ್ಯ! ಇದರ ಮೇಲೆ ಲಿನಕ್ಸ್ ಕರ್ನಲ್‌ನ ಸ್ಪಿನ್‌ಲಾಕ್ (ಸಿಗುವ ತನಕ ಸಿಪಿಯು ಸುತ್ತುತ್ತಲೇ ಕಾಯುವ ಬೀಗ) ಕಾಟ: ಲಾಕ್ ಹಿಡಿದ ವರ್ಚುವಲ್ ಸಿಪಿಯುವನ್ನು ಜೆಡ್/ವಿಎಂ ಕೆಳಗಿಳಿಸಿದರೆ ಉಳಿದ ಮೂರು ಅದಕ್ಕಾಗಿ ಸುತ್ತುತ್ತ ನಿಲ್ಲುತ್ತವೆ. ಲಾಕ್ ಹಿಡಿದವನಿಗೇ ಪ್ರೊಸೆಸರ್ ಬಿಟ್ಟುಕೊಡಲು ಡಯಾಗ್ನೋಸ್ 9ಸಿ ಎಂಬ ಕರೆ ಇದೆ, ಲಿನಕ್ಸ್ ಅದನ್ನು ಬಳಸುತ್ತದೆ. ಆದರೆ ಆ ಕರೆಗಳಿಗೂ ಪ್ರೊಸೆಸರ್ ಕಾಲ ಬೇಕು. ಬಳಕೆ ಶೇ. 60ರಿಂದ 70ಕ್ಕೆ ಹೋಯಿತು, ಸ್ಟೀಲ್ ಕೂಡ ಏರಿತು. ‘ಪ್ರೊಸೆಸರ್ ಸಾಲದು’ ಎಂದವರ ವಾದಕ್ಕೆ ಇದರಿಂದ ಬಲ ಬಂತು ಎನ್ನುವುದು ಬೇರೆ ಮಾತು.

ತಿರುವು

ಇನ್ನೆರಡು ಐಎಫ್‌ಎಲ್ ಖರೀದಿಯ ಪ್ರಸ್ತಾಪ ಸಹಿಗೆ ಹೋಗುವ ಮುನ್ನ ಒಬ್ಬ ಹಿರಿಯ ಸಿಸ್ಟಂ ಪ್ರೋಗ್ರಾಮರ್ ಕೇಳಿದ ಪ್ರಶ್ನೆ ಸರಳ: ಗೆಸ್ಟ್ ಯಾತಕ್ಕೆ ಕಾಯುತ್ತಿದೆ ಎಂದು ಗೆಸ್ಟ್‌ನ್ನೇ ಏಕೆ ಕೇಳುತ್ತೀರಿ, ಕಾಯಿಸುತ್ತಿರುವವನನ್ನು ಕೇಳಿ.

ಜೆಡ್/ವಿಎಂ ಪ್ರತಿ ಗೆಸ್ಟ್‌ನ ಸ್ಥಿತಿಯನ್ನು ಆಗಾಗ ಮಾದರಿ ತೆಗೆದು ದಾಖಲಿಸುತ್ತದೆ: ಓಡುತ್ತಿದೆಯೇ, ಸಿಪಿಯುವಿಗೆ ಕಾದಿದೆಯೇ, ಐ/ಓಗೆ (ಡಿಸ್ಕ್ ಮುಂತಾದವುಗಳ ಓದು-ಬರಹಕ್ಕೆ) ಕಾದಿದೆಯೇ, ಪುಟಕ್ಕೆ ಕಾದಿದೆಯೇ. ಅದರ ಅಳತೆಯ ಉಪಕರಣವಾದ ಪರ್ಫಾರ್ಮೆನ್ಸ್ ಟೂಲ್‌ಕಿಟ್‌ನ ಯೂಸ್ಟ್ಯಾಟ್ ಪರದೆಯಲ್ಲಿ ಇದೆಲ್ಲ ಸಾಲಾಗಿ ಸಿಗುತ್ತದೆ. ಬೆಳಗ್ಗೆ 9:45ರ ಸಾಲಿನಲ್ಲಿ ಡೇಟಾಬೇಸ್ ಗೆಸ್ಟ್‌ಗೆ ಸಿಪಿಯು ಕಾಯುವಿಕೆ ಶೇ. 4, ಪುಟ ಕಾಯುವಿಕೆ ಶೇ. 38. ಅಪ್ಲಿಕೇಶನ್ ಗೆಸ್ಟ್‌ಗಳದ್ದೂ ಇದೇ ಕಥೆ.

ಹಾಗಾದರೆ ಸ್ಟೀಲ್ ಸುಳ್ಳು ಹೇಳಿತೇ? ಇಲ್ಲ. ಈ ಯಂತ್ರದಲ್ಲಿ ಲಿನಕ್ಸ್ ಸ್ಟೀಲನ್ನು ಕಳೆಯುವ ಲೆಕ್ಕದಿಂದ ಪಡೆಯುತ್ತದೆ: ಗಡಿಯಾರದಲ್ಲಿ ಕಳೆದ ಕಾಲದಿಂದ, ತನ್ನ ವರ್ಚುವಲ್ ಸಿಪಿಯು ನಿಜಕ್ಕೂ ಓಡಿದ ಕಾಲವನ್ನೂ ಕೆಲಸವಿಲ್ಲದೆ ತಾನೇ ಸುಮ್ಮನಿದ್ದ ಕಾಲವನ್ನೂ ಕಳೆದು. ಉಳಿದ ಹೊತ್ತಿನಲ್ಲಿ ಜೆಡ್/ವಿಎಂ ಅದನ್ನು ಬೇರೆ ಗೆಸ್ಟ್‌ಗಾಗಿ ನಿಲ್ಲಿಸಿತ್ತೋ, ಡಿಸ್ಕ್‌ನಿಂದ ಪುಟ ತರಲು ನಿಲ್ಲಿಸಿತ್ತೋ ಲಿನಕ್ಸ್‌ಗೆ ತಿಳಿಯುವ ದಾರಿ ಇಲ್ಲ. ಎರಡೂ ಒಂದೇ ಅಂಕಣಕ್ಕೆ ಬೀಳುತ್ತವೆ. ಈ ಒಂದು ಸಂಗತಿ ಗೊತ್ತಿದ್ದಿದ್ದರೆ ಮೇಲಿನ ಎರಡೂ ಬದಲಾವಣೆಗಳ ಅಗತ್ಯ ಬೀಳುತ್ತಿರಲಿಲ್ಲ.

ನಸುಕಿನ 4:02

ಪೇಜಿಂಗ್ ದರದ ಇಡೀ ದಿನದ ಗ್ರಾಫ್ ತೆಗೆದಾಗ ಎರಡು ಶಿಖರಗಳು ಕಂಡವು. 9:30ರದ್ದು ಪುಟ ಒಳತರುವುದು, ಸೆಕೆಂಡಿಗೆ 9,000ದಷ್ಟು. ಇನ್ನೊಂದು ನಸುಕಿನ ನಾಲ್ಕಕ್ಕೆ. ಅದು ಪುಟ ಹೊರಹಾಕುವುದು. ಆ ಹೊತ್ತಿನಲ್ಲಿ ಬಳಕೆದಾರರೇ ಇರುವುದಿಲ್ಲ.

42 ಗೆಸ್ಟ್‌ಗಳೂ ಒಂದೇ ಮೂಲ ಇಮೇಜಿನ ನಕಲುಗಳು. ಇಮೇಜಿನ ಕ್ರಾನ್‌ಟ್ಯಾಬ್‌ನಲ್ಲಿ (ನಿಗದಿತ ಹೊತ್ತಿಗೆ ಓಡುವ ಕೆಲಸಗಳ ಪಟ್ಟಿಯಲ್ಲಿ) ದಿನದ ಕೆಲಸಗಳಿಗೆ ಬರೆದ ಸಮಯ 4:02. ಲಾಗ್ ಬದಲಿಸುವುದು, ಫೈಲ್ ಹೆಸರುಗಳ ಸೂಚಿ ಕಟ್ಟುವುದು, ಎಲ್ಲಕ್ಕಿಂತ ಭಾರವಾದದ್ದು ಫೈಲ್‌ಗಳು ಬದಲಾಗಿವೆಯೇ ಎಂದು ಪ್ರತಿಯೊಂದನ್ನೂ ಓದಿ ಚೆಕ್‌ಸಮ್ ತೆಗೆಯುವ ಭದ್ರತಾ ಪರೀಕ್ಷೆ. ಬೇರೆ ಬೇರೆ ಪೆಟ್ಟಿಗೆಗಳಲ್ಲಿದ್ದಾಗ ಇದು ಯಾರಿಗೂ ನೋಯದ ಕೆಲಸ. ಒಂದೇ ಯಂತ್ರದಲ್ಲಿ ನಲವತ್ತೆರಡೂ ಅದೇ ನಿಮಿಷಕ್ಕೆ ತಮ್ಮ ಡಿಸ್ಕ್ ಪೂರ್ತಿ ಓದಲು ಹೊರಟರೆ ಆಗುವುದೇ ಬೇರೆ. ಲಿನಕ್ಸ್ ಓದಿದ್ದನ್ನೆಲ್ಲ ಪೇಜ್ ಕ್ಯಾಶ್‌ನಲ್ಲಿ ಇಟ್ಟುಕೊಳ್ಳುತ್ತದೆ; ಮೆಮೊರಿಯ ವಿಚಾರದಲ್ಲಿ ಅದು ಬೆರಳು ಕೊಟ್ಟರೆ ಹಸ್ತ ನುಂಗುವ ಜಾತಿ. ಖಾಲಿ ಇರುವುದನ್ನು ತುಂಬಿಕೊಳ್ಳುವುದೇ ಅದರ ಪ್ರಕಾರ ಜಾಣತನ, ತಾನೊಬ್ಬನೇ ಇರುವ ಯಂತ್ರದಲ್ಲಿ ಅದು ನಿಜವೂ ಹೌದು.

ಕೆಳಗೆ ಕೂತ ಜೆಡ್/ವಿಎಂಗೆ ಕಾಣುವುದು ಇಷ್ಟು: ಈ ಪುಟಗಳನ್ನು ಈಗಷ್ಟೇ ಮುಟ್ಟಲಾಗಿದೆ, ಆ ಪುಟಗಳನ್ನು ಸಂಜೆಯಿಂದ ಯಾರೂ ಮುಟ್ಟಿಲ್ಲ. ಈಗಷ್ಟೇ ಮುಟ್ಟಿದ್ದು ಇನ್ನೆಂದೂ ಬೇಡದ ಚೆಕ್‌ಸಮ್‌ನ ಕಸ, ಮುಟ್ಟದೇ ಇದ್ದದ್ದು ಜಾವಾ ಹೀಪ್ ಮತ್ತು ಡೇಟಾಬೇಸ್ ಬಫರ್, ಅಂದರೆ ಅಪ್ಲಿಕೇಶನ್ ಮತ್ತು ಡೇಟಾಬೇಸ್ ತಮ್ಮ ಕೆಲಸದ ದತ್ತಾಂಶ ಇಡುವ ಮೆಮೊರಿ. ಜೆಡ್/ವಿಎಂ ಹಳೆಯದನ್ನು ಡಿಸ್ಕ್‌ಗೆ ಕಳಿಸಿ ಕಸಕ್ಕೆ ಜಾಗ ಮಾಡಿಕೊಟ್ಟಿತು. 9:30ಕ್ಕೆ ಬಳಕೆದಾರರು ಬಂದಾಗ ಹೀಪ್‌ನ ಒಂದೊಂದು ಪುಟವೂ ಡಿಸ್ಕ್‌ನಿಂದ ಮರಳಬೇಕು. ಜಾವಾದ ಗಾರ್ಬೇಜ್ ಕಲೆಕ್ಷನ್ (ಬೇಡವಾದ ದತ್ತಾಂಶದ ತೆರವು) ಹೀಪನ್ನು ಉದ್ದಗಲಕ್ಕೂ ಮುಟ್ಟುವುದರಿಂದ ಆ ವಾಪಸಾತಿ ಒಂದೇ ಸಲಕ್ಕೆ ಮುಗಿಬೀಳುತ್ತದೆ. ಎಲ್ಲ ಮರಳಿದ ಮೇಲೆ, ಅಂದರೆ ಹತ್ತೂಕಾಲರ ಹೊತ್ತಿಗೆ, ಮರುದಿನ ನಸುಕಿನವರೆಗೆ ಎಲ್ಲ ಸುಗಮ. ಮಧ್ಯಾಹ್ನದ ಒಗಟೂ ಇಲ್ಲಿಗೆ ಬಿಡಿಸಿತು.

ಇದನ್ನು ಹುಡುಕುವಾಗ ಸಿಕ್ಕ ಇನ್ನೊಂದು ಸಂಗತಿ ನಿಧಾನಕ್ಕಿಂತ ಭಯಂಕರ. ‘ಕ್ವೆರಿ ಅಲಾಕ್ ಪೇಜ್’ ಆಜ್ಞೆ ಕೊಟ್ಟರೆ ಪೇಜ್ ಜಾಗ, ಅಂದರೆ ಹೊರಹಾಕಿದ ಪುಟಗಳಿಗೆ ಡಿಸ್ಕ್‌ನಲ್ಲಿಟ್ಟ ಜಾಗ, ಶೇ. 71 ತುಂಬಿದೆ. ಇದ್ದದ್ದು 3390 ಎಂಬ ಮೇನ್‌ಫ್ರೇಮ್ ಡಿಸ್ಕ್‌ನ ಮಾದರಿ 9ರ 24 ವಾಲ್ಯೂಮ್, ಮಾದರಿ 27ರ 4. ಸಿಲಿಂಡರಿಗೆ 4 ಕೆಬಿಯ 180 ಪುಟಗಳು. ಮಾದರಿ 9ರಲ್ಲಿ 10,017 ಸಿಲಿಂಡರ್, ಹಾಗಾಗಿ ಸುಮಾರು 6.9 ಜಿಬಿ. ಮಾದರಿ 27ರಲ್ಲಿ 32,760, ಅಂದರೆ 22.5 ಜಿಬಿ. ಎಲ್ಲ ಸೇರಿ 255 ಜಿಬಿ. ಬರೆದುಕೊಟ್ಟದ್ದು 540, ನಿಜ ಮೆಮೊರಿ 256, ನಡುವಿನ ಅಂತರವೇ 284. ಗೆಸ್ಟ್‌ಗಳೆಲ್ಲ ತಮ್ಮ ಮೆಮೊರಿಯನ್ನು ಪೂರ್ತಿ ಮುಟ್ಟಿದ ದಿನ ಪೇಜ್ ಜಾಗ ಮುಗಿದು, ಜೆಡ್/ವಿಎಂ ಪಿಜಿಟಿ004 ಅಬೆಂಡ್‌ನಲ್ಲಿ (ಇಡೀ ಸಿಸ್ಟಂ ಕುಸಿಯುವ ದೋಷ) ಬೀಳಬಹುದಿತ್ತು. ಒಂದು ಗೆಸ್ಟ್ ಬಿದ್ದರೆ ಒಂದು ಸೇವೆ ಹೋಗುತ್ತದೆ; ಇಲ್ಲಿ 42ಕ್ಕೆ 42.

ಮಾಡಿದ ಕೆಲಸ, ಮಾಡಿದ ಕ್ರಮದಲ್ಲಿ

ಪೇಜ್ ಜಾಗವನ್ನು ಮೊದಲು ಹಿಡಿದದ್ದು ಸರಿಯಾದ ನಿರ್ಧಾರ. ಅದರಿಂದ ಬೆಳಗಿನ ನಿಧಾನ ಹೋಗುವುದಿಲ್ಲ ಎಂದು ಗೊತ್ತಿತ್ತು, ಬಳಕೆದಾರರು ಕಾಯುತ್ತಿದ್ದರು, ಆದರೂ ಅದನ್ನೇ ಮೊದಲು ಮಾಡಿದರು. ಜೆಡ್/ವಿಎಂ 6.3ರಿಂದ ಈಚೆಗೆ ಪುಟಗಳನ್ನು ಮುಂಚಿತವಾಗಿಯೇ ಡಿಸ್ಕ್‌ಗೆ ಬರೆದಿಡುವ, ಒಳಬಂದ ಮೇಲೂ ಡಿಸ್ಕ್‌ನ ಜಾಗ ಉಳಿಸಿಕೊಳ್ಳುವ ಪದ್ಧತಿ ಇದೆ. ಹಾಗಾಗಿ ಅಂತರದ ಲೆಕ್ಕ ಹಿಡಿಯದೆ, ಗೆಸ್ಟ್‌ಗಳ ಒಟ್ಟು ಮೆಮೊರಿಗೆ ವಿಡಿಸ್ಕ್‌ಗಳನ್ನು (ಮೆಮೊರಿಯಲ್ಲೇ ಇರುವ ವರ್ಚುವಲ್ ಡಿಸ್ಕ್‌ಗಳನ್ನು) ಸೇರಿಸಿ 1.01ರಿಂದ ಗುಣಿಸುವುದು ಸುರಕ್ಷಿತ. ಗೆಸ್ಟ್‌ಗಳನ್ನು ಕುಗ್ಗಿಸಿದ ಮೇಲೆ ಉಳಿಯಲಿರುವ ಮೊತ್ತ ವಿಡಿಸ್ಕ್‌ಗಳೂ ಸೇರಿ 392 ಜಿಬಿ ಎಂದು ಅಂದಾಜಿಸಿ, ಬೇಕಾದ ಜಾಗ 396 ಎಂದು ತೆಗೆದು, ಮಾದರಿ 9ರ ಒಟ್ಟು 60 ವಾಲ್ಯೂಮ್ ಕಟ್ಟಿದರು: 412 ಜಿಬಿ. ಮಾದರಿ 27 ಆಗಿದ್ದರೆ 18 ಸಾಕಿತ್ತು. ಆದರೆ ಏಲಿಯಸ್ ಡಿವೈಸ್‌ಗಳಿಲ್ಲದ (ಅದನ್ನೇ ತಲುಪುವ ಹೆಚ್ಚುವರಿ ವಿಳಾಸಗಳಿಲ್ಲದ) ಒಂದು ವಾಲ್ಯೂಮ್‌ಗೆ ಒಂದು ಹೊತ್ತಿಗೆ ಒಂದೇ ಐ/ಓ. 60 ಇದ್ದರೆ 60 ಬಾಗಿಲು. ಗಾತ್ರ ಬೆರೆಸಲೂ ಬಾರದು. ಚಿಕ್ಕವು ಬೇಗ ತುಂಬಿ, ಆಮೇಲಿನ ಹೊರೆಯೆಲ್ಲ ದೊಡ್ಡ ನಾಲ್ಕರ ಮೇಲೆ ಬೀಳುತ್ತದೆ. ಇಲ್ಲಿ ಆಗಿದ್ದೂ ಅದೇ.

ಹೊಸ ವಾಲ್ಯೂಮ್‌ಗಳನ್ನು ಫಾರ್ಮ್ಯಾಟ್ ಮಾಡಿ, ಸಿಸ್ಟಂಗೆ ಅಟ್ಯಾಚ್ ಮಾಡಿ, ಸಿಪಿ-ಓನ್ಡ್ ಪಟ್ಟಿಗೆ (ಜೆಡ್/ವಿಎಂ ತನ್ನ ಬಳಕೆಗೆ ಇಟ್ಟುಕೊಂಡ ಡಿಸ್ಕ್‌ಗಳ ಪಟ್ಟಿಗೆ) ಸೇರಿಸಿ ಸ್ಟಾರ್ಟ್ ಕೊಡುವುದು ಯಂತ್ರ ಓಡುತ್ತಿರುವಾಗಲೇ ಆಗುವ ಕೆಲಸ. ಸಿಸ್ಟಂ ಕಾನ್ಫಿಗ್ ಫೈಲ್‌ನಲ್ಲೂ ಬರೆಯಲು ಮರೆತರೆ ಮುಂದಿನ ಐಪಿಎಲ್‌ನಲ್ಲಿ (ಸಿಸ್ಟಂ ಮರುಆರಂಭದಲ್ಲಿ) ಅವು ಮಾಯ. ಹಳೆಯ ಮಾದರಿ 27ಗಳಿಗೆ ಡ್ರೇನ್ ಕೊಟ್ಟರು. ಡ್ರೇನ್ ಹೊಸ ಪುಟ ಬೀಳದಂತೆ ತಡೆಯುತ್ತದೆ, ಇರುವುದನ್ನು ಖಾಲಿ ಮಾಡುವುದಿಲ್ಲ. ಅವು ಪೂರ್ತಿ ಬಿಡುಗಡೆಯಾದದ್ದು ನಿಗದಿತ ಐಪಿಎಲ್‌ನಲ್ಲಿ.

ನಂತರ ಕ್ರಾನ್. ಗೆಸ್ಟ್ ಹೆಸರಿನಿಂದ ಲೆಕ್ಕ ಹಾಕಿದ ನಿಮಿಷಕ್ಕೆ, ರಾತ್ರಿ 1ರಿಂದ 5ರ ನಡುವೆ ಕೆಲಸಗಳನ್ನು ಚದುರಿಸಿದರು. ನಸುಕಿನ ಶಿಖರ ಚಪ್ಪಟೆಯಾಯಿತು, ಬೆಳಗಿನದು ಅಲುಗಲಿಲ್ಲ. ಯೋಚಿಸಿದರೆ ಸಹಜವೇ: ಚೆಕ್‌ಸಮ್ ಯಾವ ಹೊತ್ತಿನಲ್ಲಿ ಓಡಿದರೂ ಕೊನೆಗೆ ಕ್ಯಾಶ್‌ನಲ್ಲಿ ಸೇರುವ ಕಸ ಅಷ್ಟೇ. ಫಲ ಕೊಟ್ಟದ್ದು ಮುಂದಿನ ಹೆಜ್ಜೆ. ಆ ಪರೀಕ್ಷೆಯನ್ನು 256 ಎಂಬಿ ಮೆಮೊರಿ ಮಿತಿಯ ಸಿಗ್ರೂಪ್‌ನೊಳಗೆ (ಪ್ರಕ್ರಿಯೆಗಳ ಬಳಕೆಗೆ ಮಿತಿ ಹಾಕುವ ಲಿನಕ್ಸ್ ಸೌಲಭ್ಯ) ಹಾಕಿದರು. ಸಿಗ್ರೂಪ್‌ನ ಪ್ರಕ್ರಿಯೆ ಓದಿ ತಂದ ಕ್ಯಾಶ್ ಅದೇ ಮಿತಿಯ ಲೆಕ್ಕಕ್ಕೆ ಬರುವುದರಿಂದ ಪರೀಕ್ಷೆ ತನ್ನ ಕಸವನ್ನು ತಾನೇ ತುಳಿದುಕೊಂಡು ಮುಂದೆ ಹೋಗುತ್ತದೆ. ಪರೀಕ್ಷೆಗೆ ಹೊತ್ತು ಹೆಚ್ಚು ಹಿಡಿಯಿತು, ಅದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಬೆಳಗಿನ ಪುಟ ಒಳತರುವಿಕೆ 9,000ದಿಂದ 3,000ಕ್ಕೆ ಇಳಿಯಿತು.

ಗೆಸ್ಟ್‌ಗಳನ್ನು ಕುಗ್ಗಿಸುವುದೇ ಹೆಚ್ಚು ಜಗಳದ ಕೆಲಸ. 16 ಜಿಬಿ ಎಂದು ಬರೆಸಿಕೊಂಡವರಿಗೆ ಅದು ತಮ್ಮ ಸ್ವತ್ತು. ಲೆಕ್ಕ ಮುಂದಿಟ್ಟು ಒಪ್ಪಿಸಬೇಕಾಯಿತು: ಜಾವಾ ಹೀಪ್‌ನ ಗರಿಷ್ಠ 6 ಜಿಬಿ, ಹೀಪ್‌ನ ಹೊರಗಿನ ಥ್ರೆಡ್, ಮೆಟಾಸ್ಪೇಸ್, ಕಂಪೈಲಾದ ಕೋಡ್‌ಗೆ 1.5, ಕರ್ನಲ್ ಮತ್ತು ಏಜೆಂಟ್‌ಗಳಿಗೆ 1, ಅಷ್ಟಿಷ್ಟು ಕ್ಯಾಶ್‌ಗೆ ಅರ್ಧ. ಒಟ್ಟು 9. ಡೇಟಾಬೇಸ್ ಡೈರೆಕ್ಟ್ ಐ/ಓ ಬಳಸದೇ ಒಂದೇ ಬ್ಲಾಕನ್ನು ತನ್ನ ಬಫರ್‌ನಲ್ಲೂ ಲಿನಕ್ಸ್ ಕ್ಯಾಶ್‌ನಲ್ಲೂ ಇಡುತ್ತಿತ್ತು; ಅದನ್ನು ಸರಿಪಡಿಸಿ 64ನ್ನು 48ಕ್ಕೆ ತಂದರು. ಉಳಿದ 27 ಗೆಸ್ಟ್‌ಗಳಿಂದ 76 ಜಿಬಿ ಸಿಕ್ಕಿತು. 540 ಇದ್ದದ್ದು 350 ಆಯಿತು, 2.1 ಪಟ್ಟು ಇದ್ದದ್ದು 1.4ಕ್ಕೂ ಕೆಳಗೆ.

ಕಿರಿದು ಮಾಡಿದ ಗೆಸ್ಟ್‌ಗೆ ಸ್ವಾಪ್ (ತನ್ನ ಮೆಮೊರಿ ಸಾಲದಾಗ ಲಿನಕ್ಸ್ ಬಳಸುವ ಜಾಗ) ಡಿಸ್ಕ್‌ನಲ್ಲಿ ಬೇಡ. ಜೆಡ್/ವಿಎಂ ಮೆಮೊರಿಯಲ್ಲೇ ಇರುವ ವಿಡಿಸ್ಕ್ ಮುಟ್ಟುವ ತನಕ ನಿಜ ಪುಟ ತಿನ್ನುವುದಿಲ್ಲ. ಅಪ್ಲಿಕೇಶನ್ ಗೆಸ್ಟ್‌ಗಳಿಗೆ ಹೆಚ್ಚಿನ ಆದ್ಯತೆಯ 512 ಎಂಬಿ, ಕಡಿಮೆ ಆದ್ಯತೆಯ 1 ಜಿಬಿ ಎಂದು ಎರಡು ಕೊಟ್ಟರು. ಚಿಕ್ಕದು ತುಸು ಬಳಕೆಯಾಗುತ್ತಿದ್ದರೆ ಗೆಸ್ಟ್‌ನ ಅಳತೆ ಸರಿಯಿದೆ. ದೊಡ್ಡದಕ್ಕೆ ಕೈ ಹೋದರೆ ಕಡಿಮೆಯಾಗಿದೆ. ಗೆಸ್ಟ್ ಲಾಗಾಫ್ ಆದರೆ ವಿಡಿಸ್ಕ್ ಅಳಿಸಿಹೋಗುವುದರಿಂದ ಪ್ರತಿ ಲಾಗಾನ್‌ನಲ್ಲೂ ಅದನ್ನು ಸ್ವಾಪ್ ಆಗಿ ಮತ್ತೆ ಸಿದ್ಧಮಾಡಬೇಕು.

ಜೊತೆಗೆ ಮೂರು ಚಿಕ್ಕ ಕೆಲಸ. ಮಿನಿಡಿಸ್ಕ್ ಕ್ಯಾಶ್ (ಗೆಸ್ಟ್‌ಗಳ ಡಿಸ್ಕ್‌ಗಳಿಗಾಗಿ ಜೆಡ್/ವಿಎಂ ಇಡುವ ಕ್ಯಾಶ್) ಎಷ್ಟು ಬೇಕಾದರೂ ಬೆಳೆಯುವಂತಿದ್ದದ್ದಕ್ಕೆ ಮಿತಿ ಹಾಕಿದ್ದು; ಡೇಟಾಬೇಸ್‌ಗೆ ‘ಸೆಟ್ ರಿಸರ್ವ್ಡ್’ ಕೊಟ್ಟು ಅದರ ಬಫರ್ ಪುಟಗಳನ್ನು ಕಾಯ್ದಿರಿಸಿದ್ದು; ವರ್ಚುವಲ್ ಸಿಪಿಯುಗಳನ್ನು ಎರಡಕ್ಕೇ ಇಳಿಸಿ, ಶೇರನ್ನು ಸಿಪಿಯು ಒಂದಕ್ಕೆ 100ರಂತೆ ಬರೆದು, ನಾಲ್ಕು ಸಿಪಿಯುವಿನ ಡೇಟಾಬೇಸ್‌ಗೆ ಮಾತ್ರ 800 ಕೊಟ್ಟದ್ದು. ಎಲ್‌ಪಾರ್ ವೆಯ್ಟ್ 700ಕ್ಕೇ ಮರಳಿತು.

ಫಲ, ಮತ್ತೊಂದು ಎಡವಟ್ಟು

ಒಂದು ಬದಲಾವಣೆಯ ಪರಿಣಾಮ ನೋಡಿದ ಮೇಲೆ ಮುಂದಿನದಕ್ಕೆ ಕೈ ಹಾಕಿದ್ದರಿಂದ ಯಾವುದರಿಂದ ಏನಾಯಿತೆಂದು ಹೇಳಲು ಸಾಧ್ಯ. ಸಿಗ್ರೂಪ್ ಮಿತಿ ಮೂರರಲ್ಲಿ ಎರಡು ಪಾಲು ನಿಧಾನವನ್ನು ಕಳೆಯಿತು, ಕುಗ್ಗಿಸಿದ್ದು ಉಳಿದದ್ದನ್ನು. ಬೆಳಗಿನ ಪುಟ ಒಳತರುವಿಕೆ ಸೆಕೆಂಡಿಗೆ ಕೆಲವು ನೂರಕ್ಕೆ ನಿಂತು, ವಹಿವಾಟು ಮತ್ತೆ ಒಂದು ಸೆಕೆಂಡಿನೊಳಗೆ ಬಂತು. ಶೇರ್ ಬದಲಾವಣೆಯಿಂದ ಮಾಮೂಲು ದಿನಗಳಲ್ಲಿ ಯಾವ ವ್ಯತ್ಯಾಸವೂ ಕಾಣಲಿಲ್ಲ. ಟೆಸ್ಟ್ ಎಲ್‌ಪಾರ್‌ನಲ್ಲಿ ಭಾರದ ಪರೀಕ್ಷೆ ನಡೆದು ಐಎಫ್‌ಎಲ್‌ಗಳು ತುಂಬಿದ ದಿನ ಡೇಟಾಬೇಸ್ ಬಳಲದೇ ಉಳಿದದ್ದು ಅದರಿಂದ. ಐಎಫ್‌ಎಲ್ ಖರೀದಿಯ ಕಡತ ಮುಚ್ಚಿತು.

ಎಡವಿದ್ದು ರಿಪೋರ್ಟಿಂಗ್ ಗೆಸ್ಟ್‌ನಲ್ಲಿ. ಎರಡು ವಾರದ ಅಳತೆ ನೋಡಿ 12ರಿಂದ 6 ಜಿಬಿಗೆ ಇಳಿಸಿದ್ದರು. ತಿಂಗಳ ಕೊನೆಯ ವರದಿ ಆ ಎರಡು ವಾರದೊಳಗೆ ಬಂದಿರಲಿಲ್ಲ. ಅದು ಓಡಿದ ರಾತ್ರಿ ಎರಡೂ ವಿಡಿಸ್ಕ್ ತುಂಬಿ, ಮೆಮೊರಿ ಮುಗಿದಾಗ ಪ್ರಕ್ರಿಯೆಗಳನ್ನು ಕೊಲ್ಲುವ ಲಿನಕ್ಸ್‌ನ ಓಓಎಂ ಕಿಲ್ಲರ್ ವರದಿಯ ಪ್ರಕ್ರಿಯೆಯನ್ನೇ ಕೊಂದಿತು. 12ಕ್ಕೆ ಮರಳಿಸುವ ಬದಲು ಡೈರೆಕ್ಟರಿಯಲ್ಲಿ (ಜೆಡ್/ವಿಎಂ ಗೆಸ್ಟ್‌ಗಳ ವಿವರ ಇಡುವ ಕಡೆ) ‘ಡಿಫೈನ್ ಸ್ಟೋರೇಜ್ 6ಜಿ ಸ್ಟ್ಯಾಂಡ್‌ಬೈ 4ಜಿ’ ಎಂದು ಬರೆದರು. ಈ ಆಜ್ಞೆ ಗೆಸ್ಟನ್ನು ರೀಸೆಟ್ ಮಾಡುವುದರಿಂದ, ಓಡುತ್ತಿರುವಾಗ ಕೊಡದೆ ಲಾಗಾನ್‌ನಲ್ಲೇ ಜಾರಿಯಾಗುವಂತೆ ಡೈರೆಕ್ಟರಿಯ ಕಮಾಂಡ್ ಸಾಲಿನಲ್ಲಿ ಇಡಬೇಕು. ವರದಿಗೆ ಮುನ್ನ ಲಿನಕ್ಸ್‌ನಲ್ಲಿ ಸಿಎಚ್‌ಮೆಮ್ ಆಜ್ಞೆ ಬಳಸಿ 4 ಜಿಬಿ ಸೇರಿಸುತ್ತಾರೆ, ಮುಗಿದ ಮೇಲೆ ತೆಗೆಯುತ್ತಾರೆ. ಸೇರುವುದು ಖಾತ್ರಿ, ತೆಗೆಯುವುದು ಅಷ್ಟು ಖಾತ್ರಿಯಲ್ಲ: ಸರಿಸಲಾಗದ ಕರ್ನಲ್ ಪುಟ ಒಂದು ಬ್ಲಾಕ್‌ನಲ್ಲಿ ಕೂತಿದ್ದರೆ ಆ ಬ್ಲಾಕ್ ಹಿಂದೆ ಬಾರದು. ಪೇಜ್ ಜಾಗದ ಲೆಕ್ಕಕ್ಕೆ ಈ 4 ಜಿಬಿಯನ್ನು ಸೇರಿಸಿಯೇ ಇಟ್ಟಿದ್ದಾರೆ.

ಈಗಿನ ಪದ್ಧತಿ

ಹೊಸ ಗೆಸ್ಟ್ ಕೇಳುವವರು ‘ಎಷ್ಟು ಜಿಬಿ’ ಎಂದಷ್ಟೇ ಬರೆದರೆ ಅರ್ಜಿ ಹಿಂದಿರುಗುತ್ತದೆ. ಹೀಪ್ ಅಥವಾ ಬಫರ್‌ನ ಗರಿಷ್ಠ, ಅದರ ಹೊರಗಿನದು, ತಿಂಗಳ ಕೊನೆಯ ಏರಿಕೆ, ಈ ಮೂರನ್ನು ಬೇರೆ ಬೇರೆಯಾಗಿ ಕೊಡಬೇಕು. ಮೂಲ ಇಮೇಜಿನಲ್ಲಿ ನಿಗದಿತ ಕ್ರಾನ್ ಸಮಯ ಇಲ್ಲ. ಪೇಜ್ ಜಾಗ ಶೇ. 50 ದಾಟಿದರೆ ಆಪರೇಟರ್‌ಗೆ ಎಚ್ಚರಿಕೆ ಹೋಗುತ್ತದೆ. ನಿಧಾನದ ದೂರು ಬಂದಾಗ ನೋಡುವ ಕ್ರಮವೂ ತಿರುಗಿದೆ: ಮೊದಲು ಭೌತಿಕ ಐಎಫ್‌ಎಲ್ ಬಳಕೆ, ಆಮೇಲೆ ಎಲ್‌ಪಾರ್ ಹಕ್ಕು, ಆಮೇಲೆ ಯೂಸ್ಟ್ಯಾಟ್, ಕೊನೆಗೆ ಲಿನಕ್ಸ್‌ನ ಟಾಪ್.

ಪ್ರೊಡಕ್ಷನ್ನನ್ನು ಎರಡು ಜೆಡ್/ವಿಎಂ ಎಲ್‌ಪಾರ್‌ಗಳಾಗಿ ಒಡೆದು ಕ್ಲಸ್ಟರ್ ಮಾಡುವ ಸಲಹೆಯೂ ಬಂದಿತ್ತು. ಒಂದರಲ್ಲಿ ದುರಸ್ತಿ ಇದ್ದಾಗ ಗೆಸ್ಟ್‌ಗಳನ್ನು ಓಡುತ್ತಿರುವಂತೆಯೇ ಇನ್ನೊಂದಕ್ಕೆ ಸಾಗಿಸಬಹುದು ಎಂಬುದು ಅದರ ಆಕರ್ಷಣೆ. ವೇಗಕ್ಕೆಂದು ಒಡೆಯುವುದು ಬೇಡ ಎಂದು ತಂಡ ತೀರ್ಮಾನಿಸಿತು. 256 ಜಿಬಿಯನ್ನು 128ರಂತೆ ಒಡೆದರೆ ನಡುವೆ ಪಿಆರ್/ಎಸ್‌ಎಂನ ಗೋಡೆ ಏಳುತ್ತದೆ, ಒಂದರಲ್ಲಿ ಖಾಲಿ ಬಿದ್ದದ್ದು ಇನ್ನೊಂದರ ಪೇಜಿಂಗ್‌ಗೆ ಉಪಯೋಗಕ್ಕೆ ಬರುವುದಿಲ್ಲ. ಅಲ್ಲದೆ ದುರಸ್ತಿಯ ಹೊತ್ತಿನಲ್ಲಿ 42 ಗೆಸ್ಟ್‌ಗಳೂ ಒಂದೇ 128ರೊಳಗೆ ಬಂದು ಕೂತರೆ ಅನುಪಾತ 2.7ಕ್ಕೆ ಹೋಗುತ್ತದೆ, ಅಂದರೆ ಮೊದಲಿಗಿಂತಲೂ ಕೆಟ್ಟದ್ದಕ್ಕೆ. ದುರಸ್ತಿಯ ಅನುಕೂಲಕ್ಕಾಗಿ ಒಡೆಯುವುದಾದರೆ ಮುಖ್ಯ ಗೆಸ್ಟ್‌ಗಳನ್ನಷ್ಟೇ ಸಾಗಿಸಿ, ಉಳಿದವನ್ನು ಆ ಹೊತ್ತಿಗೆ ನಿಲ್ಲಿಸಬೇಕು. ಯಾವುವು ನಿಲ್ಲಬಹುದು ಎಂಬ ಪಟ್ಟಿಗೆ ಅಪ್ಲಿಕೇಶನ್ ತಂಡಗಳ ಒಪ್ಪಿಗೆ ಇನ್ನೂ ಬಂದಿಲ್ಲ.